ಮೂರನೇ ಸಲಕ್ಕೆ ಹೌದು ಅನ್ನು

ತಮ್ಮಾ,

ಅಕ್ಕ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ 'ನೀನು' ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ಸೆಪ್ಟೆಂಬರ್‌ಗೆ ಐರ್ಲೆಂಡ್‌ನ ಗಾಲ್ವೇಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ ಅಂದೆ. ದಾವಣಗೆರೆಯಲ್ಲಿ ನಿನ್ನ ಅಮ್ಮ ಟಿವಿಯಲ್ಲಿ ಡಬ್ಲಿನ್‌ನ ಹಲ್ಲೆ ಸುದ್ದಿ ನೋಡಿ ಸರಿಯಾಗಿ ಊಟ ಮಾಡುತ್ತಿಲ್ಲ. ಏಜೆಂಟ್ ಮಾತ್ರ ಐರಿಷ್ ಜನರಷ್ಟು ಒಳ್ಳೆಯವರು ಪ್ರಪಂಚದಲ್ಲೇ ಇಲ್ಲ ಅನ್ನುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬಲಿ ಅಂತ ಕೇಳಿದ್ದೀಯ.

ಅಮ್ಮನನ್ನೂ ಪೂರ್ತಿ ನಂಬಬೇಡ, ಏಜೆಂಟನ್ನೂ ಪೂರ್ತಿ ನಂಬಬೇಡ. ನಾನು ತೀರ್ಥಹಳ್ಳಿ ಕಡೆಯವಳು. 2010ರ ಸೆಪ್ಟೆಂಬರ್‌ನಲ್ಲಿ ಇದೇ ಊರಿಗೆ ಓದಲು ಬಂದವಳು ಇಲ್ಲೇ ಉಳಿದೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಮಳೆ ವಿಷಯ. ಆಗುಂಬೆ ಪಕ್ಕದಲ್ಲಿ ಬೆಳೆದವಳಿಗೆ ಮಳೆ ಏನು ಮಹಾ ಅಂದುಕೊಂಡೇ ಬಂದೆ. ನಮ್ಮ ಮಳೆ ಮೇಲಿಂದ ಕೆಳಗೆ ಬೀಳುತ್ತದೆ. ಇಲ್ಲಿಯದು ಅಟ್ಲಾಂಟಿಕ್ ಕಡೆಯಿಂದ ಅಡ್ಡಡ್ಡ ಬರುತ್ತದೆ. ಅಮ್ಮ ಕೊಟ್ಟಿದ್ದ ಮಡಚುವ ಕೊಡೆ ಮೊದಲ ವಾರವೇ ಸಾಲ್ಟ್‌ಹಿಲ್‌ನ ಕಡಲ ದಂಡೆಯಲ್ಲಿ ಉಲ್ಟಾ ಆಗಿ ಕಡ್ಡಿ ಮುರಿಯಿತು. ಅದನ್ನು ಕಸದ ಡಬ್ಬಿಗೆ ತುರುಕುತ್ತಿದ್ದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಟೋಪಿ ತೆಗೆದು, "ಪಾಪ, ವಯಸ್ಸು ಎಷ್ಟಾಗಿತ್ತು?" ಅಂತ ಕೇಳಿದರು. ಕೊಡೆಯ ವಯಸ್ಸು! ತಮಾಷೆ ಅಂತ ಗೊತ್ತಾಗಲು ನನಗೆ ಅರ್ಧ ನಿಮಿಷ ಬೇಕಾಯಿತು. ಅಷ್ಟರಲ್ಲಿ ಅವರು ನನ್ನ ಊರು, ಓದು, ಮನೆಯಲ್ಲಿ ಎಷ್ಟು ಜನ, ಎಲ್ಲಾ ವಿಚಾರಿಸಿ ಆಗಿತ್ತು. ಥೇಟ್ ನಮ್ಮ ಬಸ್‌ಸ್ಟ್ಯಾಂಡ್ ಅಜ್ಜಂದಿರ ಹಾಗೆ. ಜಾತಿ ಒಂದು ಕೇಳಲಿಲ್ಲ.

ಇಲ್ಲಿಯವರ ಒಳ್ಳೆಯತನ ಹೀಗೆ ಮಾತಿನ ಜೊತೆಗೇ ಬರುತ್ತದೆ. ನೀನು ಇಯರ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿ ನಡೆದರೆ ಅದು ನಿನ್ನ ಪಕ್ಕದಲ್ಲೇ ದಾಟಿ ಹೋಗುತ್ತದೆ. ಮೊದಲ ಎರಡು ತಿಂಗಳು ನಾನು ಮಾಡಿದ್ದು ಅದನ್ನೇ. ತರಗತಿ, ಲ್ಯಾಬ್, ರೂಮು, ಕುಕ್ಕರ್, ಮನೆಗೆ ಫೋನು, ಮುಗೀತು. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರ್‌ಗೆ "ಥ್ಯಾಂಕ್ಸ್" ಅನ್ನುತ್ತಾರೆ. ನಾನು ಸುಮ್ನೆ ಇಳಿದು ಬರುತ್ತಿದ್ದೆ. ಅದು ಅಹಂಕಾರ ಅಲ್ಲ, ಸಂಕೋಚ. ಎದುರಿನವರಿಗೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

ಆ ವರ್ಷ ನವೆಂಬರ್ ಕೊನೆಯಲ್ಲಿ ಹಿಮ ಶುರುವಾಯಿತು. ಐರ್ಲೆಂಡ್‌ನಲ್ಲಿ ಹಾಗೆ ಹಿಮ ಬಿದ್ದು ವಾರಗಟ್ಟಲೆ ನಿಲ್ಲುವುದು ಕಡಿಮೆ. 2010ರ ಡಿಸೆಂಬರ್ ಇಲ್ಲಿಯ ದಾಖಲೆಯಲ್ಲೇ ಅತಿ ಚಳಿಯ ಡಿಸೆಂಬರ್‌ಗಳಲ್ಲಿ ಒಂದು. ನಾವು ನಾಲ್ಕು ಜನ ವಿದ್ಯಾರ್ಥಿಗಳಿದ್ದ ಬಾಡಿಗೆ ಮನೆಯ ಪೈಪಿನಲ್ಲಿ ನೀರು ಹೆಪ್ಪುಗಟ್ಟಿತು. ಬಾಯ್ಲರ್ ಕೆಟ್ಟಿತು. ಮನೆ ಮಾಲೀಕ ಫೋನ್ ಎತ್ತಲಿಲ್ಲ. ಎರಡು ಸ್ವೆಟರ್ ಮೇಲೆ ಶಾಲು, ಅದರ ಮೇಲೆ ದುಪ್ಪಟಿ ಹೊದ್ದು ನಾನು ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಹಚ್ಚಿಕೊಂಡು ಕೂತಿದ್ದೆ. (ನೀನು ಹಾಗೆ ಮಾಡಬೇಡ, ಮುಚ್ಚಿದ ಮನೆಯಲ್ಲಿ ಅಪಾಯ.)

ಬಾಗಿಲು ತಟ್ಟಿದ್ದು ಪಕ್ಕದ ಮನೆಯಾಕೆ. ಅರುವತ್ತರ ಹತ್ತಿರದ ಹೆಂಗಸು. ಅಲ್ಲಿಯವರೆಗೆ ನಾವು ಒಂದು ಮಾತೂ ಆಡಿರಲಿಲ್ಲ. ಕೈಯಲ್ಲಿ ಎರಡು ರಬ್ಬರಿನ ಬಿಸಿನೀರ ಚೀಲ, ಬಗಲಲ್ಲಿ ಒಂದು ಕಡುನೀಲಿ ಕೋಟು. ನಿಮ್ಮ ಮನೆ ಚಿಮಣಿಯಲ್ಲಿ ಹೊಗೆ ಇಲ್ಲ, ಕಿಟಕಿಯ ಒಳಗಡೆ ಮಂಜುಗಟ್ಟಿದೆ, ಅದಕ್ಕೇ ಬಂದೆ ಅಂದರು. ಕೋಟು ಮಗನದು. ಆತ ಆರಡಿ ಮೇಲಿನ ಆಳು, ನಾನು ಐದಡಿ ಒಂದಿಂಚು. ಹಾಕಿಕೊಂಡರೆ ತೋಳು ಕೈ ದಾಟಿ ಜೋತಾಡುತ್ತಿತ್ತು, ಕೆಳಗೆ ಮೀನಖಂಡ ಮುಟ್ಟುತ್ತಿತ್ತು. ಊರಲ್ಲಿ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲ, ಹಾಗೇ ಕಾಣುತ್ತಿದ್ದೆ. ಆದರೆ ಬೆಚ್ಚಗಿತ್ತು.

ಜೇಬಿಗೆ ಕೈ ಹಾಕಿದರೆ ಅರ್ಧ ಖಾಲಿಯಾದ ಪೆಪ್ಪರ್‌ಮಿಂಟ್ ಪೊಟ್ಟಣ, ಒಂದು ಹರ್ಲಿಂಗ್ ಪಂದ್ಯದ ಹಳೇ ಟಿಕೆಟ್ ಸಿಕ್ಕಿತು. ಹರ್ಲಿಂಗ್ ಅಂದರೆ ಮರದ ಕೋಲು, ಸಣ್ಣ ಚೆಂಡು ಹಿಡಿದು ಆಡುವ ಇಲ್ಲಿಯ ಸ್ವಂತ ಆಟ. ನಮ್ಮಲ್ಲಿ ಕ್ರಿಕೆಟ್ ಹುಚ್ಚು ಇರುವ ಹಾಗೆ ಗಾಲ್ವೇಯಲ್ಲಿ ಇದರ ಹುಚ್ಚು. ಪೆಪ್ಪರ್‌ಮಿಂಟ್ ತಿನ್ನು, ಟಿಕೆಟ್ ಮಾತ್ರ ಅಲ್ಲೇ ಇರಲಿ, ಎಸೆಯಬೇಡ ಅಂದರು. ಮಗ ಕಟ್ಟಡದ ಕೆಲಸದವನು. ಇಲ್ಲಿ ಮನೆ ಕಟ್ಟುವ ಧಂದೆ ನೆಲಕಚ್ಚಿದ ಮೇಲೆ ಆಸ್ಟ್ರೇಲಿಯಾಗೆ ಹೋಗಿದ್ದ. ಅದೇ ನವೆಂಬರ್‌ನಲ್ಲಿ ಸರ್ಕಾರ ಯುರೋಪ್ ಮತ್ತು ಐಎಂಎಫ್ ಹತ್ತಿರ 85 ಬಿಲಿಯನ್ ಯೂರೋ ನೆರವಿನ ಒಪ್ಪಂದ ಮಾಡಿಕೊಂಡಿತ್ತು. ಆ ಬೀದಿಯಲ್ಲಿ ಮನೆಗೊಬ್ಬ ಹುಡುಗ ಪರ್ತ್‌ಗೋ ಟೊರಾಂಟೋಗೋ ಹೋಗಿದ್ದ. ನಮ್ಮ ಅಮ್ಮ ತೀರ್ಥಹಳ್ಳಿಯಲ್ಲಿ ಕೂತು 'ಅಲ್ಲಿ ಊಟ ಮಾಡಿದ್ಯಾ' ಅಂತ ಕೇಳುತ್ತಿದ್ದ ಹೊತ್ತಿನಲ್ಲಿ ಆಕೆ ಗಾಲ್ವೇಯಲ್ಲಿ ಕೂತು ಅದನ್ನೇ ಪರ್ತ್‌ಗೆ ಕೇಳುತ್ತಿದ್ದರು.

ಜನ ಬಿಟ್ಟು ಹೋಗುವುದು ಈ ದೇಶಕ್ಕೆ ಹೊಸದಲ್ಲ. 1845ರಿಂದ ಆಲೂಗೆಡ್ಡೆಗೆ ರೋಗ ಬಿದ್ದು ಬಂದ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿದರು. ಆಗ, 1847ರಲ್ಲಿ, ಅಮೆರಿಕದ ಚಾಕ್ಟಾ ಬುಡಕಟ್ಟಿನವರು ಇವರಿಗಾಗಿ ದುಡ್ಡು ಕೂಡಿಸಿ ಕಳಿಸಿದ್ದರು. ಸುಮಾರು 170 ಡಾಲರ್. ತಮ್ಮ ನೆಲದಿಂದಲೇ ಓಡಿಸಲ್ಪಟ್ಟು ಹೆಚ್ಚು ವರ್ಷ ಆಗಿರಲಿಲ್ಲ ಅವರಿಗೆ. ಕಾರ್ಕ್ ಹತ್ತಿರದ ಮಿಡ್ಲ್‌ಟನ್‌ನಲ್ಲಿ ಅದರ ನೆನಪಿಗೆ ಹದ್ದಿನ ಗರಿಗಳ ಸ್ಟೀಲ್ ಶಿಲ್ಪ ನಿಲ್ಲಿಸಿದ್ದಾರೆ. 2020ರ ಕೊರೋನಾ ಹೊತ್ತಲ್ಲಿ ಅಮೆರಿಕದ ನವಾಹೋ, ಹೋಪಿ ಬುಡಕಟ್ಟಿನವರಿಗೆ ಐರ್ಲೆಂಡ್‌ನಿಂದ ದುಡ್ಡು ಹರಿದು ಹೋಯಿತು, ಆ ಹಳೇ ಋಣ ನೆನೆಸಿಕೊಂಡು. ಇವರು ಸಾಲ ಮರೆಯುತ್ತಾರೋ ಏನೋ, ಉಪಕಾರ ಮರೆಯುವುದಿಲ್ಲ.

ಈಗ ಟೀ ವಿಷಯ. ಇದು ಮುಖ್ಯ.

ಪಕ್ಕದ ಮನೆಗೆ ಕೋಟಿನ ಉಪಕಾರ ಹೇಳಲು ಹೋದೆ. ಟೀ ಕುಡಿತೀಯಾ ಅಂದರು. ಬೇಡ ಆಂಟಿ, ಈಗಷ್ಟೇ ಆಯ್ತು ಅಂದೆ. ನಮ್ಮ ಕಡೆ ಮೊದಲನೇ ಸಲಕ್ಕೇ ಹೂಂ ಅಂದರೆ ಹೊಟ್ಟೆಬಾಕ ಅಂದುಕೊಳ್ಳುತ್ತಾರಲ್ಲ. ಒಂದು ಗುಟುಕು ಕುಡಿ ಅಂದರು. ಅಯ್ಯೋ ನಿಮಗೆ ಯಾಕೆ ತೊಂದರೆ ಅಂದೆ. ಕೆಟಲ್ ಹೇಗೂ ಇಟ್ಟಾಗಿದೆ ಅಂದರು. ಸರಿ, ಹಾಗಾದರೆ ಸ್ವಲ್ಪ ಅಂದೆ. ಆಕೆಯ ಮುಖ ಅರಳಿತು. ಆಮೇಲೆ ಗೊತ್ತಾಯಿತು, ಇಲ್ಲಿಯೂ ಉಪಚಾರದ ಲೆಕ್ಕ ಅದೇ. ಎರಡು ಸಲ ಬೇಡ, ಮೂರನೇ ಸಲ ಹೌದು. ನಮ್ಮ ಮನೆಯಲ್ಲಿದ್ದ ಜರ್ಮನ್ ಹುಡುಗಿ ಒಂದು ದಿನ ನನ್ನ ಜೊತೆ ಬಂದಳು. ಟೀ ಅಂದ ತಕ್ಷಣ "ಹೌದು, ಹಾಲು ಬೇಡ" ಅಂದುಬಿಟ್ಟಳು. ಪಾಪ, ಆಕೆಗೆ ಒತ್ತಾಯ ಮಾಡಲು ಜಾಗವೇ ಸಿಗಲಿಲ್ಲ. ಬಿಸ್ಕೆಟ್ ವಿಷಯದಲ್ಲಿ ಆ ಕೊರತೆ ತೀರಿಸಿಕೊಂಡರು.

ಟೀ ಅಂದರೆ ಬ್ಯಾರೀಸ್ ಕಂಪನಿಯ ಟೀ ಚೀಲ, ಕಡಕ್ಕಾಗಿ, ಹಾಲು ಹಾಕಿ. ನಮ್ಮ ನಾಲಿಗೆಗೆ ಹೊಂದುತ್ತದೆ. ಶುಂಠಿ ಮಾತ್ರ ಕೇಳಬೇಡ.

ಆಕೆ ಹುಟ್ಟಿದ್ದು ಕೊನೆಮಾರಾದಲ್ಲಿ. ಗಾಲ್ವೇಯಿಂದ ಪಶ್ಚಿಮಕ್ಕೆ, ಮನೆಮಾತು ಐರಿಷ್ ಆಗಿರುವ ಸೀಮೆ. ನಿನ್ನ ಭಾಷೆ ಯಾವುದು ಅಂತ ಕೇಳಿದರು. ಹಿಂದಿ ಅಲ್ಲ, ಕನ್ನಡ ಅಂದೆ. ಕೆನಡಾ ಅಂದುಕೊಂಡರು, ಅದು ಎಲ್ಲರೂ ಮಾಡುವ ತಪ್ಪು. ಮಾತಾಡು ನೋಡೋಣ ಅಂದರು. ಏನು ಮಾತಾಡಲಿ? ಹಸಿವಾಗಿದೆ ಅಂತ ಕನ್ನಡದಲ್ಲಿ ಹೇಳಿ ಅರ್ಥ ಬಿಡಿಸಿದೆ. ನಾನು ಹಸಿದಿದ್ದೇನೆ ಅಂತಲ್ಲ, ನನಗೆ ಹಸಿವು ಆಗಿದೆ ಅಂತ. ಆಕೆ ಮೇಜು ಕುಟ್ಟಿದರು. ಐರಿಷ್‌ನಲ್ಲಿಯೂ ಹಸಿವು 'ನನ್ನ ಮೇಲೆ ಇದೆ' ಅನ್ನಬೇಕಂತೆ. ಪುಸ್ತಕ 'ನನ್ನ ಹತ್ತಿರ ಇದೆ' ಅನ್ನಬೇಕಂತೆ. ಬರ್ತೀಯಾ ಅಂದರೆ ಹೌದು ಅನ್ನುವ ಶಬ್ದವೇ ಇಲ್ಲ, ಬರ್ತೀನಿ ಅನ್ನಬೇಕಂತೆ. ಆ ಸಂಜೆ ಮೂರು ಕಪ್ ಟೀ ಆಯಿತು. ಸಾವಿರ ಸ್ವಾಗತ ಅನ್ನುವ ಹಾಗೆ ಇವರದು 'ಕೇಡ್ ಮೀಲಾ ಫಾಲ್ಚಾ', ಲಕ್ಷ ಸ್ವಾಗತ. ಎಲ್ಲಾ ಹೋಟೆಲಿನ ಬಾಗಿಲಲ್ಲೂ ಬರೆದಿರುತ್ತಾರೆ. ಬರಮಾಡಿಕೊಳ್ಳುವಾಗ ಮೊದಲ ಶಬ್ದವೇ ಕೇಡು! ಅದನ್ನು ಹೇಳಿದಾಗ ಆಕೆ ನಗು ತಡೆಯಲಾರದೆ ಕಪ್ಪು ಕೆಳಗಿಟ್ಟರು.

ಆಗ ನಾನು ಕುವೆಂಪು ಕಥೆ ಹೇಳಿದೆ. ನಮ್ಮ ತಾಲ್ಲೂಕಿನ ಕುಪ್ಪಳಿಯ ಹುಡುಗ ಮೈಸೂರಿನಲ್ಲಿ ಓದುವಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದದ್ದು, ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ ನಿನ್ನ ಮಾತೃಭಾಷೆಯಲ್ಲಿ ಯಾಕೆ ಬರೆಯಬಾರದು ಅಂದದ್ದು. ಶಾಲೆಯಲ್ಲಿ ನಾವೆಲ್ಲಾ ಕೇಳಿ ಬೆಳೆದದ್ದೇ. ಆಕೆಗೆ ಕಸಿನ್ಸ್ ಯಾರು ಅಂತ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವರಿಗೆ ಅದನ್ನು ಹೇಳುವವರು ಯಾರೂ ಸಿಗಲಿಲ್ಲ ನೋಡು" ಅಂದರು. ಆಕೆಯ ಮಗನಿಗೆ ಐರಿಷ್ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನನ್ನ ಮಗಳೂ ಈಗ ಹಾಗೇ ಕನ್ನಡಕ್ಕೆ ಉತ್ತರ ಕೊಡುತ್ತಾಳೆ. ಅದು ಇನ್ನೊಂದು ಕಥೆ.

2011ರ ಫೆಬ್ರವರಿಯಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ಹೋಗಲು ಟಿಕೆಟ್ಟಿಗೆ ದುಡ್ಡು ಇರಲಿಲ್ಲ, ಎದುರಿಗೆ ಪರೀಕ್ಷೆ. ತರಗತಿಯಲ್ಲಿ ಒಬ್ಬಳಿಗೆ ಮಾತ್ರ ಹೇಳಿದ್ದೆ. ಸಂಜೆ ಆರರ ಹೊತ್ತಿಗೆ ಮನೆಗೆ ಹನ್ನೊಂದು ಜನ ಬಂದರು. ಒಬ್ಬೊಬ್ಬರೇ ಕೈ ಹಿಡಿದು, ಒಂದೇ ಒಂದು ಸಾಲು ಹೇಳಿ, ಪಕ್ಕಕ್ಕೆ ಸರಿದು ನಿಂತರು. ಅದರಲ್ಲಿ ಆರು ಜನರ ಹೆಸರೂ ನನಗೆ ಗೊತ್ತಿರಲಿಲ್ಲ. ಇಲ್ಲಿ ಸಾವಿನ ಮನೆಗೆ ಹೋಗುವುದು ಅಂದರೆ ಹಾಗೆ. ಸತ್ತವರ ಪರಿಚಯ ಇರಬೇಕು ಅಂತೇನಿಲ್ಲ, ಉಳಿದವರ ಮುಖಪರಿಚಯ ಇದ್ದರೂ ಸಾಕು, ಕೆಲಸ ಬಿಟ್ಟು ಹೋಗುತ್ತಾರೆ. ಪಕ್ಕದ ಮನೆಯಾಕೆ ದೊಡ್ಡ ತಟ್ಟೆ ತುಂಬ ಸ್ಯಾಂಡ್‌ವಿಚ್ ತಂದರು. ಅರ್ಧ ಹ್ಯಾಮ್, ಅರ್ಧ ಚೀಸ್. ಚೀಸ್ ಇದ್ದ ಕಡೆಗೆ ಒಂದು ಹಲ್ಲುಕಡ್ಡಿ ಚುಚ್ಚಿ ಅದಕ್ಕೆ ನನ್ನ ಹೆಸರಿನ ಚೀಟಿ ಅಂಟಿಸಿದ್ದರು. ಸ್ಪೆಲ್ಲಿಂಗ್ ತಪ್ಪಿತ್ತು. ಆಮೇಲೆ, "ನಿನ್ನ ಅಜ್ಜಿ ಹೇಗಿದ್ದರು ಹೇಳು" ಅಂದರು. ಅಜ್ಜಿ ಎಲೆಯಡಿಕೆ ಕುಟ್ಟುವ ಸಣ್ಣ ಕಬ್ಬಿಣದ ಕುಟ್ಟಾಣಿ, ಅದರ ಸದ್ದಿಗೆ ಬೆಕ್ಕು ಓಡಿ ಬರುತ್ತಿದ್ದದ್ದು, ಎಲ್ಲಾ ಹೇಳಿದೆ. ಅಳುತ್ತಾ ಶುರು ಮಾಡಿದವಳು ನಗುತ್ತಾ ಮುಗಿಸಿದೆ. ಫೋನಿನಲ್ಲಿ ಮನೆಯವರ ಜೊತೆ ಅಳಲು ಆಗಿತ್ತು, ಅಜ್ಜಿ ಬಗ್ಗೆ ಮಾತಾಡಲು ಆಗಿರಲಿಲ್ಲ.

ಇಷ್ಟು ಕೇಳಿ ಏಜೆಂಟ್ ಹೇಳಿದ್ದೇ ಸರಿ ಅಂದುಕೊಳ್ಳಬೇಡ. ಸ್ವಲ್ಪ ಕಹಿಯೂ ಇದೆ.

ಇಲ್ಲಿ ಮಾತು ಬೇಗ ಸಿಗುತ್ತದೆ, ಸ್ನೇಹ ನಿಧಾನ. ಒಂದು ದಿನ ಮನೆಗೆ ಬಾ ಅಂದರೆ ನಾಳೆಯೇ ಬಾ ಅಂತಲ್ಲ. ದಿನ, ಹೊತ್ತು ಹೇಳಿದರೆ ಮಾತ್ರ ಅದು ಕರೆಯೋಲೆ. ಶಾಲೆಯಿಂದ ಜೊತೆಗಿದ್ದವರ ಗುಂಪು ಅವರದು, ಹೊರಗಿನವರು ಒಳಗೆ ಬರಲು ವರ್ಷಗಳೇ ಬೇಕು. ಇಲ್ಲ ಅನ್ನುವುದು ಇವರಿಗೆ ಬಾಯಲ್ಲಿ ಬರುವುದಿಲ್ಲ. 'ನೋಡೋಣ' ಅಂದರೆ ಬಹಳ ಸಲ ಇಲ್ಲ ಅಂತಲೇ ಅರ್ಥ. ನಮ್ಮವರಿಗೆ ಇದು ಅರ್ಥವಾಗಬೇಕು, ನಾವೂ ಅದನ್ನೇ ಮಾಡುವವರು. ಮುಖದ ಮುಂದೆ ಕಾಲೆಳೆಯುತ್ತಾರೆ. ನನ್ನ ಕೋಟು ನೋಡಿ "ಟೆಂಟ್ ಒಳಗೆ ಯಾರಾದರೂ ಇದ್ದೀರಾ" ಅಂತ ಲ್ಯಾಬಿನಲ್ಲಿ ಒಬ್ಬ ದಿನಾ ಕೇಳುತ್ತಿದ್ದ. ಮೊದಮೊದಲು ಬಾತ್‌ರೂಮಿಗೆ ಹೋಗಿ ಅತ್ತಿದ್ದೇನೆ. ಆಮೇಲೆ ಗೊತ್ತಾಯಿತು, ಇಷ್ಟ ಇಲ್ಲದವರ ಕಾಲು ಇವರು ಎಳೆಯುವುದಿಲ್ಲ. ತಿರುಗಿಸಿ ಒಂದು ಕೊಡಬೇಕು, ಅಷ್ಟೇ.

ಪಬ್ಬಿಗೆ ಕರೆದರೆ ಹೋಗು. ಕುಡಿಯಲೇಬೇಕು ಅಂತಿಲ್ಲ, ಲೆಮನೇಡ್ ಹಿಡಿದುಕೊಂಡು ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಒಬ್ಬರು ಎಲ್ಲರಿಗೂ ತಂದರೆ ಮುಂದಿನ ಸರದಿ ಇನ್ನೊಬ್ಬರದು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಕೂರುವ ಮೊದಲೇ ನನ್ನದು ನಾನೇ ತಗೋತೀನಿ ಅಂದುಬಿಡು.

ಇನ್ನು ಬೆಳಗಾವಿಯ ಸವಿತಾ ಹಾಲಪ್ಪನವರ್ ಹೆಸರು ಕೇಳಿರುತ್ತೀಯ. ಹಲ್ಲಿನ ಡಾಕ್ಟರ್. 2012ರ ಅಕ್ಟೋಬರ್‌ನಲ್ಲಿ ಇದೇ ಗಾಲ್ವೇಯಲ್ಲಿ, 31ನೇ ವಯಸ್ಸಿನಲ್ಲಿ ತೀರಿಕೊಂಡರು. ಬಸಿರು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಗರ್ಭಪಾತ ಸಿಗಲಿಲ್ಲ, ಸೋಂಕು ಮೈಗೆಲ್ಲ ಏರಿತು. ಗರ್ಭಪಾತವನ್ನು ಕಟ್ಟಿಹಾಕಿದ್ದ ಕಾನೂನಿನ ಕಾಲ ಅದು. ಸುದ್ದಿ ಹೊರಬಿದ್ದ ವಾರ ನಾವು ಕನ್ನಡದವರು ಮೂರ್ನಾಲ್ಕು ಜನ ಊರ ನಡುವಿನ ಚೌಕ ಏರ್ ಸ್ಕ್ವೇರ್‌ಗೆ ಹೋದೆವು. ಮೇಣದ ಬತ್ತಿ ಹಿಡಿದ ಜನ ಕಿಕ್ಕಿರಿದು ನಿಂತಿದ್ದರು. ಪಕ್ಕದ ಮನೆಯಾಕೆಯೂ ಬಂದಿದ್ದರು. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ನನ್ನ ಪಕ್ಕ ನಿಂತು ಬತ್ತಿ ಆರಿದಾಗಲೆಲ್ಲ ನನ್ನದರಿಂದ ಹಚ್ಚಿಕೊಂಡರು, ಮಾತಾಡಲಿಲ್ಲ. 2018ರ ಮೇ 25ರ ಜನಮತದಲ್ಲಿ 66.4 ಶೇಕಡಾ ಜನ ಆ ಕಾನೂನು ತೆಗೆಯಲು ಒಪ್ಪಿದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಸವಿತಾ ಚಿತ್ರ ಬರೆದಿದ್ದರು, ಅದರ ಸುತ್ತ ಜನ ಸಾಲುಗಟ್ಟಿ ನಿಂತು ಕ್ಷಮಿಸು ಅಂತ ಚೀಟಿ ಅಂಟಿಸಿದರು. ನಮ್ಮ ಪಕ್ಕದ ಮನೆಯಾಕೆ ಯಾವ ಕಡೆ ಮತ ಹಾಕಿದರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜನ ಒಳ್ಳೆಯವರಿದ್ದ ಊರಿನಲ್ಲೂ ಹೀಗಾಗುತ್ತದೆ ಅನ್ನುವುದನ್ನು ನಾನು ಇವತ್ತಿಗೂ ಸರಿಯಾಗಿ ನುಂಗಿಕೊಂಡಿಲ್ಲ.

ಅಮ್ಮ ನೋಡಿದ ಸುದ್ದಿ ಸುಳ್ಳಲ್ಲ. 2025ರ ಜುಲೈನಲ್ಲಿ ಡಬ್ಲಿನ್‌ನ ಟಾಲಾದಲ್ಲಿ ಭಾರತದವರೊಬ್ಬರನ್ನು ಹುಡುಗರ ಗುಂಪು ಹೊಡೆದು ಗಾಯ ಮಾಡಿತು. ಆಮೇಲೆ ಇನ್ನೂ ಕೆಲವು ಘಟನೆ ಆದವು, ನಮ್ಮ ರಾಯಭಾರ ಕಚೇರಿ ಎಚ್ಚರಿಕೆಯಿಂದಿರಿ ಅಂತ ಪ್ರಕಟಣೆ ಹೊರಡಿಸಿತು. ಅದೇ ಟಾಲಾದಲ್ಲಿ ರಸ್ತೆಯಲ್ಲಿ ಬಿದ್ದವರನ್ನು ಕಂಡು ನಿಲ್ಲಿಸಿ ಸಹಾಯ ಮಾಡಿದ್ದೂ ಒಬ್ಬ ಸ್ಥಳೀಯ ಹೆಂಗಸು, ಆಮೇಲೆ ಹಲ್ಲೆ ಖಂಡಿಸಿ ಬೀದಿಗೆ ಬಂದವರೂ ಅಲ್ಲಿಯವರೇ. ಆಗ ಅಧ್ಯಕ್ಷರಾಗಿದ್ದ ಮೈಕೆಲ್ ಡಿ. ಹಿಗ್ಗಿನ್ಸ್ ಕೂಡ ಹಲ್ಲೆಗಳನ್ನು ಖಂಡಿಸಿ ಹೇಳಿಕೆ ಕೊಟ್ಟರು. ಎರಡೂ ಅಮ್ಮನಿಗೆ ಹೇಳು. ಗಾಲ್ವೇ ಸಣ್ಣ ಊರು, ನಾನು ರಾತ್ರಿ ಹತ್ತಕ್ಕೂ ಒಬ್ಬಳೇ ನಡೆದು ಬರುತ್ತೇನೆ. ಆದರೂ ಹದಿಹರೆಯದ ಹುಡುಗರ ಗುಂಪು ಕಂಡರೆ ಈಗ ರಸ್ತೆಯ ಆ ಬದಿಗೆ ಹೋಗುತ್ತೇನೆ. ಹತ್ತು ವರ್ಷದ ಹಿಂದೆ ಹಾಗೆ ಮಾಡುತ್ತಿರಲಿಲ್ಲ. ತೊಂದರೆ ಆದರೆ 999 ಅಥವಾ 112.

ಮನೆ ಹುಡುಕುವುದೇ ನಿನಗೆ ದೊಡ್ಡ ತಲೆನೋವು. ಸೆಪ್ಟೆಂಬರ್‌ನಲ್ಲಿ ಗಾಲ್ವೇಯಲ್ಲಿ ರೂಮು ಸಿಗುವುದು ಜಾತ್ರೆಯಲ್ಲಿ ಕಳೆದ ಚಪ್ಪಲಿ ಸಿಕ್ಕ ಹಾಗೆ. ಕಣ್ಣಾರೆ ನೋಡದ ಮನೆಗೆ ಒಂದು ರೂಪಾಯಿಯೂ ಮುಂಗಡ ಕಳಿಸಬೇಡ. ಮಾಲೀಕರು ಊರಲ್ಲಿಲ್ಲ, ಕೀ ಕೊರಿಯರ್ ಮಾಡುತ್ತಾರೆ ಅಂದರೆ ಅದು ಮೋಸವೇ. ನನ್ನ ಕೇಳಿದರೆ 'ಡಿಗ್ಸ್' ನೋಡು. ಅಂದರೆ ಒಂದು ಸಂಸಾರದ ಮನೆಯಲ್ಲೇ ಒಂದು ರೂಮು. ಹಾಗೆ ರೂಮು ಬಾಡಿಗೆ ಕೊಡುವವರಿಗೆ ವರ್ಷಕ್ಕೆ 14,000 ಯೂರೋವರೆಗೆ ತೆರಿಗೆ ಇಲ್ಲ, ಹಾಗಾಗಿ ಕೊಡುವವರು ಇದ್ದಾರೆ. ಕೆಲವರು ಸೋಮವಾರದಿಂದ ಶುಕ್ರವಾರ ಮಾತ್ರ ಇಟ್ಟುಕೊಳ್ಳುತ್ತಾರೆ, ಮೊದಲೇ ಕೇಳಿಕೋ. ಬಾಡಿಗೆದಾರರಿಗೆ ಇರುವ ಪೂರ್ತಿ ರಕ್ಷಣೆ ಅಲ್ಲಿ ಇರುವುದಿಲ್ಲ. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗಿ, ಹೊಗೆ ಅಲಾರಂ ಕೂಗಿದರೆ ಬೀದಿಗೇ ಗೊತ್ತಾಗುತ್ತದೆ. ಆದರೆ ಊರಿನ ಜನರ ಜೊತೆ ಬೆರೆಯಲು ಡಿಗ್ಸ್‌ಗಿಂತ ಒಳ್ಳೆಯ ದಾರಿ ಇಲ್ಲ.

ಕೆಲಸದ ಲೆಕ್ಕ ಚಿಕ್ಕದು. ಓದುವಾಗ ವಾರಕ್ಕೆ 20 ಗಂಟೆ. ಜೂನ್‌ನಿಂದ ಸೆಪ್ಟೆಂಬರ್ ಮತ್ತು ಡಿಸೆಂಬರ್ 15ರಿಂದ ಜನವರಿ 15ರವರೆಗೆ 40 ಗಂಟೆ. ಓದಿನ ವರ್ಷ ಪೌರತ್ವದ ಲೆಕ್ಕಕ್ಕೆ ಸೇರುವುದಿಲ್ಲ, ಏಜೆಂಟ್ ಬೇರೆ ಏನಾದರೂ ಹೇಳಿದರೆ ನಂಬಬೇಡ.

ಆ ಕೋಟಿನ ಹುಡುಗ 2013ರ ಕ್ರಿಸ್‌ಮಸ್‌ಗೆ ಮನೆಗೆ ಬಂದ. ನಾನು ಅದನ್ನೇ ಹಾಕಿಕೊಂಡು ಹಾಲು ತರಲು ಹೊರಟಿದ್ದೆ, ಗೇಟಿನ ಹತ್ತಿರ ಎದುರಾದ. ತೆಗೆದು ಕೊಡಲು ಹೋದೆ. ಬೇಡ, ಪರ್ತ್‌ನಲ್ಲಿ ಇದನ್ನು ಹಾಕಿಕೊಂಡರೆ ಬೆಂದು ಹೋಗ್ತೀನಿ ಅಂದ. ಜೇಬಿಗೆ ಕೈ ಹಾಕಿ ಟಿಕೆಟ್ ಮಾತ್ರ ತೆಗೆದುಕೊಂಡ.

ಕೋಟು ಈಗಲೂ ನಮ್ಮ ಬಾಗಿಲ ಹಿಂದೆ ನೇತಾಡುತ್ತಿದೆ. ಜಿಪ್ ಸ್ವಲ್ಪ ಹಿಡಿಯುತ್ತದೆ, ಮೇಣದ ಬತ್ತಿ ಉಜ್ಜಿದರೆ ಸರಿ ಹೋಗುತ್ತದೆ. ನೀನು ಆರಡಿ ಇದ್ದೀನಿ ಅಂತ ಬರೆದಿದ್ದೀಯಲ್ಲ, ಬೆಂಗಳೂರಿನಲ್ಲಿ ದುಡ್ಡು ಹಾಕಿ ಜರ್ಕಿನ್ ತಗೋಬೇಡ. ಆ ಜಾಗದಲ್ಲಿ ಎರಡು ಕೆಜಿ ಚಟ್ನಿಪುಡಿ ಇಟ್ಟುಕೊಂಡು ಬಾ. ಡಬ್ಲಿನ್ ವಿಮಾನ ನಿಲ್ದಾಣದಿಂದಲೇ ಗಾಲ್ವೇಗೆ ಬಸ್ಸಿದೆ, ಎರಡೂವರೆ ಗಂಟೆ ಚಿಲ್ಲರೆ ದಾರಿ. ಹತ್ತಿದ ಮೇಲೆ ಒಂದು ಮೆಸೇಜ್ ಹಾಕು, ಸ್ಟ್ಯಾಂಡಿಗೆ ಬರುತ್ತೇನೆ.